ಅಕ್ಕಿ ಅಗಿದವರು

ಒಡವೆ ತೊಳೆಯುವ ದಿನ ಪುಟ್ಟಗಂಗಮ್ಮ ನಡುಮನೆಯ ಬಾಗಿಲಿಗೆ ಅಗುಳಿ ಹಾಕಿಕೊಳ್ಳುತ್ತಿದ್ದಳು. ಅಂಟುವಾಳದ ನೊರೆಯನ್ನು ಉಗುರುಬೆಚ್ಚಗಿನ ನೀರಿಗೆ ಬಿಟ್ಟು, ಕೆಂಪು ಕಲ್ಲಿನ ಅಡ್ಡಿಕೆಯನ್ನು ಮೆತ್ತನೆಯ ಬ್ರಷ್ಷಿನಿಂದ ತೀಡಿ, ಹಳೆಯ ಪಂಚೆಯ ಮೇಲೆ ನೆರಳಿನಲ್ಲಿ ಆರಿಸುತ್ತಿದ್ದಳು. ಮುತ್ತಿನ ಓಲೆಯನ್ನು ಮಾತ್ರ ನೀರಿಗೆ ಅದ್ದುವಂತಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹತ್ತಿಯಲ್ಲಿ ಬೇರೆಯಾಗಿ ಸುತ್ತಬೇಕು. ಕಲ್ಲು ತಾಗಿದರೆ ಮುತ್ತಿನ ಮೈ ಗೀರಿಹೋಗುತ್ತದೆ. ಇಷ್ಟು ನಯವಾಗಿ ಅವಳು ಮನುಷ್ಯರನ್ನು ನೋಡಿಕೊಂಡಿದ್ದರೆ ಈ ಕಥೆ ಹೇಳುವ ಅಗತ್ಯವೇ ಬರುತ್ತಿರಲಿಲ್ಲ.

ಕತ್ತಿಗೆ ಅಂಟಿಕೊಂಡು ಕೂರುವ ಆ ಅಡ್ಡಿಕೆ ಅವಳ ಅತ್ತೆಯ ಕಾಲದ್ದು. ಅದರ ಮೇಲೆ ಎಲ್ಲರ ಕಣ್ಣಿದೆ ಎಂಬುದು ಅವಳ ನಂಬಿಕೆ. ಗಂಡ ಲಕ್ಕಯ್ಯ ಬಾಯಿಬಡುಕ, ಮಗ ಭೀಮರಾಜು ಹೆಂಡತಿಯ ಮಾತು ಕೇಳುವವನು, ಸೊಸೆ ಮೀನಾ ತುರುವೇಕೆರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು, ಹೊರಗಿನ ನಾಲ್ಕು ಜನರನ್ನು ಬಲ್ಲವಳು. ಇನ್ನು ಮನೆಕೆಲಸದ ನಿಂಗಮ್ಮ, ಕಸ ಗುಡಿಸುವ ನೆಪದಲ್ಲಿ ಮೂಲೆಮೂಲೆಗೂ ಹೋಗುವವಳು. ಹೀಗೆ ಪುಟ್ಟಗಂಗಮ್ಮನ ಲೆಕ್ಕದಲ್ಲಿ ಅನುಮಾನಕ್ಕೆ ಹೊರತಾದವರು ಮನೆಯಲ್ಲಿ ಯಾರೂ ಇರಲಿಲ್ಲ.

"ಬ್ಯಾಂಕಿನ ಲಾಕರಲ್ಲಿ ಇಡೋಣ ಅತ್ತೆ. ನಿಮ್ಮ ಹೆಸರಲ್ಲೇ ಮಾಡ್ಸೋಣ, ಕೀ ನಿಮ್ಮತ್ರನೇ ಇರ್ಲಿ" ಎಂದು ಮೀನಾ ಒಮ್ಮೆ ಹೇಳಿದ್ದಳು.

"ನಮ್ಮ ಒಡವೆ ಕಾಯಕ್ಕೆ ಬ್ಯಾಂಕಿನೋರು ನಮಗೇನು ನೆಂಟರೇನೇ? ಬುಡು, ನಂಗೊತ್ತೈತೆ ಎಲ್ಲಿಡ್ಬೇಕು ಅಂತ" ಎಂದಿದ್ದಳು ಅತ್ತೆ. ಲಾಕರಿನ ಮಾತೆತ್ತಿದ್ದೇ ತಪ್ಪಾಯಿತು. ಅಂದಿನಿಂದ ಸೊಸೆಯ ಮೇಲೆ ಒಂದು ಕಣ್ಣು ಹೆಚ್ಚಾಯಿತು.

ಹುಳಿಯಾರಿನಲ್ಲಿ ತಂಗಿಯ ಮನೆಯ ಗೃಹಪ್ರವೇಶ ಬಂತು. ಅಡ್ಡಿಕೆ ಹಾಕಿಕೊಂಡು ಹೋದರೆ ಬಸ್ಸಿನಲ್ಲಿ ಕಳ್ಳರು, ಬೀರುವಿನಲ್ಲಿ ಬಿಟ್ಟರೆ ಮನೆಯಲ್ಲಿ ಕಳ್ಳರು. ಯಾರೂ ಇಲ್ಲದ ಹೊತ್ತು ನೋಡಿ ಪುಟ್ಟಗಂಗಮ್ಮ ಅಟ್ಟ ಹತ್ತಿದಳು. ಕೊಬ್ಬರಿಯಾಗಲೆಂದು ಸುಲಿಯದೆ, ಮಟ್ಟೆಯ ಸಮೇತ ಹರಡಿದ್ದ ತೆಂಗಿನಕಾಯಿಗಳು ಅಲ್ಲಿ ಗೋಡೆಯಿಂದ ಗೋಡೆಗೆ ತುಂಬಿದ್ದವು. ಮೂಡಣ ಮೂಲೆಯ ಒಂದು ಕಾಯಿಯ ಮಟ್ಟೆಯನ್ನು ಕುಡುಗೋಲಿನಿಂದ ಬಿಡಿಸಿ, ಹಳದಿ ಬಟ್ಟೆಯಲ್ಲಿ ಮೂರು ಗಂಟು ಹಾಕಿದ ಅಡ್ಡಿಕೆಯನ್ನು ಒಳಗೆ ತುರುಕಿ, ನಾರು ಒತ್ತಿ ಮೊದಲಿನಂತೆ ಮುಚ್ಚಿದಳು. ಗುರುತಿಗೆ ಒಂದು ಗೀಟನ್ನೂ ಎಳೆಯಲಿಲ್ಲ. ಗುರುತು ಮಾಡಿದರೆ ಬೇರೆಯವರಿಗೂ ಗುರುತು ಸಿಕ್ಕಿಬಿಡುತ್ತದಲ್ಲ! ಇಳಿಯುವಾಗ ಏಣಿಯ ಬುಡದಲ್ಲಿ ನಿಂಗಮ್ಮ ಪೊರಕೆ ಹಿಡಿದು ನಿಂತಿದ್ದಳು.

"ಏನ್ ಗಂಗಕ್ಕ, ಈ ವಯಸ್ನಲ್ಲಿ ಅಟ್ಟ ಅತ್ತೀರಾ? ನಂಗೇಳಿದ್ರೆ ಆಗ್ತಿರಲಿಲ್ವಾ?"

"ಇಲಿ ಬಿದ್ದೈತೇನೋ ಅಂತ ನೋಡ್ದೆ. ನಿನ್ ಕೆಲಸ ನೋಡ್ಕೊ ಹೋಗು."

ಊರಿನಿಂದ ಬಂದು ಮತ್ತೆ ಅಟ್ಟ ಹತ್ತಿದರೆ ಮೂಲೆಯ ಕಾಯಿಯ ಮಟ್ಟೆ ಗಟ್ಟಿಯಾಗಿತ್ತು. ಅದರ ಪಕ್ಕದ್ದೂ ಗಟ್ಟಿ, ಅದರಾಚೆಯದೂ ಗಟ್ಟಿ. ಪುಟ್ಟಗಂಗಮ್ಮ ಆ ಮೂಲೆಯನ್ನೆಲ್ಲ ತಡಕಿದಳು. ಅವಳು ಊರಲ್ಲಿಲ್ಲದಾಗ ಲಕ್ಕಯ್ಯ ಹೊಸ ಕಾಯಿ ಏರಿಸಿ, ಹಳೆಯವನ್ನು ನಡುವಿಗೆ ತಳ್ಳಿಸಿದ್ದ. "ಅಟ್ಟಕ್ಕೆ ಯಾರಾದ್ರೂ ಹತ್ತಿದ್ರಾ?" ಎಂದು ಗಂಡನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿದರೆ ತಾನು ಬಚ್ಚಿಡುವ ಜಾಗ ಬಯಲಾಗುತ್ತದೆ, ನಾಳೆ ಎಲ್ಲಿಡುವುದು? ಅದೂ ಅಲ್ಲದೆ ಏಣಿಯ ಬುಡದಲ್ಲಿದ್ದ ಪೊರಕೆ ಆಗಲೇ ಅವಳ ಕಣ್ಣಮುಂದೆ ಬಂದಿತ್ತು. ಕೆಳಗಿಳಿದವಳೇ, "ಬೀರುವಿನಾಗಿದ್ದ ಅಡ್ಡಿಕೆ ಹೋಯ್ತು" ಎಂದು ಎದೆ ಬಡಿದುಕೊಂಡಳು.

ಲಕ್ಕಯ್ಯನ ಅಣ್ಣ ಹುಚ್ಚಣ್ಣ ಊರಿಗೆ ಹಿರಿಯ. ಪೊಲೀಸು ಗಿಲೀಸು ಎಂದು ಮನೆಯ ಮಾನ ಕಳೆಯುವುದು ಬೇಡ, ಅಕ್ಕಿ ಅಗಿಸೋಣ ಎಂದ. ಊರದೇವರ ಗುಡಿಯಲ್ಲಿ ಪೂಜಾರಿ ಅಕ್ಕಿ ಮಂತ್ರಿಸಿ ಕೊಡುತ್ತಾನೆ. ಅನುಮಾನ ಇರುವವರು ಜಗಿದು ಬಾಳೆಲೆಯ ಮೇಲೆ ಉಗಿಯಬೇಕು. ಒದ್ದೆಯಾಗಿದ್ದರೆ ಸಾಚಾ, ಒಣಗಿದ್ದರೆ ಕಳ್ಳರು. ಮನೆಯಲ್ಲಿ ಹುಟ್ಟಿದವರು ಅಗಿಯುವಂತಿಲ್ಲ. ಹೊರಗಿನಿಂದ ಬಂದ ಸೊಸೆಯರು, ಕೆಲಸದವರು ಅಗಿಯಬೇಕು. ಒಡವೆ ಕಳೆದುಕೊಂಡವರಿಗಂತೂ ಪ್ರಶ್ನೆಯೇ ಇಲ್ಲ.

"ಹೆದರಿಕೆ ಆದ್ರೆ ಯಾರ ಬಾಯಾದ್ರೂ ಒಣಗುತ್ತೆ ದೊಡ್ಡಮಾವ" ಎಂದಳು ಮೀನಾ. "ನಮ್ಮ ಲ್ಯಾಬಿಗೆ ಬರೋರು ಸೂಜಿ ನೋಡಿದ ಕೂಡ್ಲೇ ನೀರು ಕೇಳ್ತಾರೆ. ಅವರೆಲ್ಲ ಏನು ಕದ್ದಿರ್ತಾರೆ?"

"ತಪ್ಪು ಮಾಡ್ದಿದ್ರೆ ಯಾಕವ್ವ ಎದರ್ಬೇಕು?" ಎಂದ ಹುಚ್ಚಣ್ಣ.

"ಮದುವೆಯಾದ ವರ್ಷ ನಾನೂ ಅಗಿದಿದ್ದೆ ಕಣೇ, ಬೆಳ್ಳಿ ಬಟ್ಲು ಹೋದಾಗ. ನಾನೇನು ಸತ್ತೋದ್ನಾ?" ಎಂದಳು ಪುಟ್ಟಗಂಗಮ್ಮ. ಅಂದು ತನ್ನ ಕೈಕಾಲು ಹೇಗೆ ನಡುಗಿದ್ದವೆಂಬುದನ್ನು ಮಾತ್ರ ಹೇಳಲಿಲ್ಲ.

ಗುಡಿಯ ಮುಂದೆ ಊರೇ ಸೇರಿತು. ನಿಂಗಮ್ಮ ಧೈರ್ಯವಾಗಿಯೇ ಅಕ್ಕಿ ಬಾಯಿಗೆ ಹಾಕಿಕೊಂಡಳು. ದೇವರಿಗೆ ಗೊತ್ತಿಲ್ಲವೇ ಎಂಬ ಭರವಸೆ ಅವಳದು. ಆದರೆ ಅಷ್ಟು ಕಣ್ಣುಗಳು ತನ್ನ ಬಾಯನ್ನೇ ನೋಡುವುದನ್ನು ಕಂಡು ಅವಳ ದವಡೆ ನಡುಗತೊಡಗಿತು. ಎಲೆಯ ಮೇಲೆ ಬಿದ್ದದ್ದು ಒಣ ನುಚ್ಚು. ಜನ 'ಹೋ' ಎಂದರು. ಗುಂಪಿನಲ್ಲಿದ್ದ ಅವಳ ಮಗಳು ಧನ್ಯಶ್ರೀ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮುಂದಿನ ಸರದಿ ಮೀನಾಳದು. ಪೂಜಾರಿ ಕೊಟ್ಟ ಅಕ್ಕಿಯನ್ನು ಅವಳು ತಿರುಗಿ ತಟ್ಟೆಗೇ ಹಾಕಿದಳು.

"ನಾನು ಅಗಿಯಲ್ಲ. ನಿಂಗಕ್ಕ ಕದ್ದಿಲ್ಲ, ನಾನೂ ಕದ್ದಿಲ್ಲ. ಅತ್ತೆ, ನಿಜ ಹೇಳಿ, ಅದನ್ನ ಎಲ್ಲಿಟ್ಟಿದ್ರಿ?"

"ಬೀರುವಿನಾಗೆ ಅಂತ ಏಟು ಸಲ ಹೇಳ್ಲಿ?" ಎಂದಳು ಪುಟ್ಟಗಂಗಮ್ಮ. ನಾಲಿಗೆ ಅಂಗುಳಿಗೆ ಅಂಟಿಕೊಂಡಂತಾಯಿತು. ಅವಳ ಬಾಯಿ ನೋಡುವವರು ಯಾರೂ ಇರಲಿಲ್ಲ.

ಅಗಿಯದ ಸೊಸೆ ಕಳ್ಳಿಯ ಜೊತೆಗಾತಿ ಎಂದಾಯಿತು. ಮನೆಯಲ್ಲಿ ಊಟದ ತಟ್ಟೆಯ ಮುಂದೆ ಅವಳೊಡನೆ ಮಾತು ನಿಂತಿತು. ನಿಂಗಮ್ಮನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಧನ್ಯಶ್ರೀಯನ್ನು ಒಪ್ಪಿಕೊಂಡು ಹೋಗಿದ್ದ ಗಂಡಿನ ಕಡೆಯವರು, ಬಾಯಲ್ಲಿ ಅಕ್ಕಿ ಒಣಗಿದವಳ ಮನೆಯ ಹೆಣ್ಣು ಬೇಡ ಎಂದು ಹೇಳಿಕಳಿಸಿದರು. ಹುಡುಗಿ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಇಷ್ಟಕ್ಕೆಲ್ಲ ಒಂದು ಹಿಡಿ ಅಕ್ಕಿ ಸಾಕಾಯಿತು ನೋಡಿ.

ಕೊಬ್ಬರಿ ಇಳಿಸುವ ಕಾಲ ಬಂತು. ಅಂಗಳದಲ್ಲಿ ಗೂಟ ನೆಟ್ಟು ಆಳುಗಳು ಮಟ್ಟೆ ಸುಲಿಯುತ್ತಿದ್ದಾಗ ಒಬ್ಬ ಕೂಗಿದ. ನಾರಿನ ನಡುವಿನಿಂದ ಹಳದಿ ಬಟ್ಟೆಯ ಗಂಟು ಜಾರಿ ಬಿದ್ದಿತ್ತು.

ಹುಚ್ಚಣ್ಣ ಎರಡೂ ಕೈ ಎತ್ತಿ ಮುಗಿದ. "ನೋಡ್ರಪ್ಪಾ ಅಕ್ಕಿ ಮಹಿಮೆ! ಕದ್ದೋಳು ಎದರ್ಕೊಂಡು ತಂದು ಅಟ್ಟದಾಗೆ ಬಚ್ಚಿಟ್ಟವ್ಳೆ!"

ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ಪುಟ್ಟಗಂಗಮ್ಮ ಗಂಟನ್ನು ಎತ್ತಿಕೊಂಡಳು. ಮೂರು ಗಂಟು, ಅವಳೇ ಹಾಕಿದ್ದು. ಸುಮ್ಮನಿದ್ದರೆ ಸಾಕು, ಒಡವೆಯೂ ಉಳಿಯಿತು, ಮಾನವೂ ಉಳಿಯಿತು. ಮೀನಾ ಒಮ್ಮೆ ಆ ಗಂಟನ್ನು ನೋಡಿದಳು, ಒಮ್ಮೆ ಅತ್ತೆಯ ಮುಖವನ್ನು ನೋಡಿದಳು, ಒಳಗೆ ಹೋದಳು. ಬೈದಿದ್ದರೆ ಪುಟ್ಟಗಂಗಮ್ಮನಿಗೆ ಎದುರು ಹೇಳಲು ಬರುತ್ತಿತ್ತು.

ಸಂಜೆ ಅವಳು ನಿಂಗಮ್ಮನ ಮನೆಯ ಮುಂದೆ ನಿಂತಳು. "ಅಡ್ಡಿಕೆ ಸಿಕ್ತು ಕಣೆ ನಿಂಗಿ. ನಾಳೆಯಿಂದ ಕೆಲಸಕ್ಕೆ ಬಾ."

ನಿಂಗಮ್ಮ ಹೊಸ್ತಿಲಿನಿಂದ ಆಚೆ ಬರಲಿಲ್ಲ. "ಯಾರು ಇಟ್ಟಿದ್ರು ಗಂಗಕ್ಕ?"

ಪುಟ್ಟಗಂಗಮ್ಮ ತಲೆ ತಗ್ಗಿಸಿದಳು.

"ಅವತ್ತು ನೀವು ಅಟ್ಟದಿಂದ ಇಳಿದಿದ್ನ ನಾನು ಯಾರಿಗೂ ಏಳಿಲ್ಲ. ಒಡವೆ ಇಡೋ ಜಾಗ ನಾಕು ಜನಕ್ಕೆ ಗೊತ್ತಾಗ್ಬಾರ್ದು ಅಂತ. ಗುಡಿ ಮುಂದೆ ಅಕ್ಕಿ ಬಾಯಾಗಿರೋವಾಗ್ಲೂ ಏಳಿಲ್ಲ." ನಿಂಗಮ್ಮ ಬಾಗಿಲನ್ನು ಅರ್ಧ ಎಳೆದುಕೊಂಡಳು. "ಮನೆ ಬಾಗಿಲಾಗೆ ಗುಟ್ಟಾಗಿ ಕರೀಬೇಡಿ. ಎಲ್ಲರ ಮುಂದೆ ಕಳ್ಳಿ ಮಾಡಿದ್ರಿ, ಎಲ್ಲರ ಮುಂದೆ ಏಳಿ."

ಸೋಮವಾರದ ಪೂಜೆಗೆ ಜನ ಸೇರಿದಾಗ ಪುಟ್ಟಗಂಗಮ್ಮ ಪೂಜಾರಿಯ ಮುಂದೆ ಕೈಯೊಡ್ಡಿದಳು. "ಅಕ್ಕಿ ಮಂತ್ರಿಸಿ ಕೊಡಿ."

"ನಿಮಗ್ಯಾಕಮ್ಮ?"

"ಕೊಡಿ ಅಂದೆ."

ಅಗಿದಳು. ಊರಿನ ಕಣ್ಣೆಲ್ಲ ತನ್ನ ಬಾಯಿಯ ಮೇಲೆ ಬಿದ್ದಾಗ ಏನಾಗುತ್ತದೆಂಬುದು ಇಷ್ಟು ವರ್ಷದ ಮೇಲೆ ಅವಳಿಗೆ ಮತ್ತೆ ತಿಳಿಯಿತು. ಎಲೆಯ ಮೇಲೆ ಉಗಿದಳು. ಒಣ ನುಚ್ಚು.

"ನೋಡ್ರಪ್ಪ, ನನ್ ಬಾಯೂ ಒಣಗೈತೆ. ನನ್ನ ಒಡವೆ ನಾನೇ ಕದ್ನಾ? ಮಟ್ಟೆಯೊಳಗೆ ಬಚ್ಚಿಟ್ಟೋಳು ನಾನು. ಬೀರುವಿನಾಗೆ ಅಂತ ಸುಳ್ಳೇಳ್ದೋಳೂ ನಾನೇ. ನಿಂಗಮ್ಮ ಕದ್ದಿಲ್ಲ."

"ಸಾಕು ಬಾರಮ್ಮ ಗಂಗಮ್ಮ, ಮನೆ ಮರ್ವಾದೆ ತೆಗೀಬೇಡ" ಎಂದು ಹುಚ್ಚಣ್ಣ ಗದರಿದ.

"ಅವಳ್ಗೂ ಇತ್ತು ಬಾವ ಮರ್ವಾದೆ. ನಮ್ಮನೇಲಿ ಇನ್ನು ಯಾರೂ ಅಕ್ಕಿ ಅಗಿಯಲ್ಲ." ತಟ್ಟೆಯಲ್ಲಿ ಉಳಿದಿದ್ದ ಅಕ್ಕಿಯನ್ನು ಅವಳು ಗುಡಿಯ ಅಂಗಳದ ಕೋಳಿಗಳಿಗೆ ಎರಚಿದಳು. ಮೀನಾ ಬಂದು ಅತ್ತೆಯ ಕೈ ಹಿಡಿದುಕೊಂಡಳು.

ಆಮೇಲೆ ಆ ಊರಿನಲ್ಲಿ ಒಂದು ಜುಮುಕಿ ಕಳೆಯಿತು. ಅಕ್ಕಿಯ ಮಾತೆತ್ತಿದ ಹುಚ್ಚಣ್ಣನಿಗೆ ಆ ಮನೆಯ ಸೊಸೆಯೇ, "ಮೊದಲು ನೀವು ಅಗೀರಿ" ಎಂದಳಂತೆ. ಅಷ್ಟು ಒಳ್ಳೆಯದಾಯಿತು. ಧನ್ಯಶ್ರೀಯ ಸಂಬಂಧ ಮಾತ್ರ ತಿರುಗಿ ಬರಲಿಲ್ಲ.

ಅಡ್ಡಿಕೆ ಈಗ ಲಾಕರಿನಲ್ಲಿದೆ. ಮುತ್ತಿನ ಓಲೆಯನ್ನು ಪುಟ್ಟಗಂಗಮ್ಮ ಇಂದಿಗೂ ನಡುಮನೆಯಲ್ಲೇ ಕೂತು ಒರೆಸುತ್ತಾಳೆ, ಬಾಗಿಲನ್ನು ಪೂರ್ತಿ ತೆರೆದಿಟ್ಟು. ಬೇರೆಯವರ ತೋಟದ ಕೆಲಸಕ್ಕೆ ಹೋಗುವ ನಿಂಗಮ್ಮ ಆ ಬಾಗಿಲ ಮುಂದೆಯೇ ಹಾದುಹೋಗುತ್ತಾಳೆ. ಒಳಗೆ ನೋಡುವುದಿಲ್ಲ.