ಅರ್ಧ ನಿಮಿಷದ ಟೈಮ್‌ಔಟ್

"ಇನ್ನೂ ಒಂದು ಹಾಳೆ ಇದೆಯಾ?" ಎಂದರು ಅಧ್ಯಕ್ಷರು, ಕೊರಳಿನ ಸೀಟಿಯಿಂದಾಗಿ ಎಲ್ಲರ ಬಾಯಲ್ಲಿ 'ಪೀಪಿ ಟೀಚರ್' ಆಗಿದ್ದವರು ಕೊಟ್ಟ ಅರ್ಜಿಯ ಮೂರನೆಯ ಪುಟ ಮಗುಚುತ್ತ.

"ಇದೆ ಸಾರ್, ಹಿಂದುಗಡೆ."

"ಕಾರ್ಖಾನೆ ತಂಡದಲ್ಲಿ ವಾಲಿಬಾಲು, ಒಂಬತ್ತು ವರ್ಷ. ಆಮೇಲೆ ಶಾಲೇಲಿ ಪಿ.ಟಿ. ಟೀಚರ್. ಆಮೇಲೆ ರೇಡಿಯೋದಲ್ಲಿ ಆಟದ ವರದಿ. ಆಟದ ಸಾಮಾನಿನ ಅಂಗಡಿ. ಹಾಸ್ಟೆಲ್ ವಾರ್ಡನ್. ಕಿವಿ ಕೇಳದ ಮಕ್ಕಳ ಕ್ರೀಡಾ ಕೇಂದ್ರ. ಇದರ ನಡುವೆ ಇಪ್ಪತ್ತೆರಡು ವರ್ಷ ರೆಫರಿ ಬೇರೆ." ಅವರು ಕನ್ನಡಕ ತೆಗೆದರು. "ಒಂದು ಕಡೆ ನಿಂತೋರೇ ಅಲ್ವಲ್ಲಮ್ಮ ನೀವು!"

"ನಿಂತ್ರೆ ಆಟ ಹೇಗೆ ಸಾರ್?"

ಪಕ್ಕದಲ್ಲಿದ್ದ ಆಯ್ಕೆ ಸಮಿತಿಯ ಡಾಕ್ಟರಮ್ಮ ಫಕ್ಕನೆ ನಕ್ಕುಬಿಟ್ಟರು. ಅಧ್ಯಕ್ಷರು ನಗಲಿಲ್ಲ. ಡಾಕ್ಟರಮ್ಮ ನಗುವನ್ನು ಕೆಮ್ಮಾಗಿಸಿ, ನೀರಿನ ಲೋಟವನ್ನು ಮೆಲ್ಲಗೆ ಟೀಚರ ಕಡೆಗೆ ಸರಿಸಿದರು.

ಬಾಯಿ ಜಾರಿತಲ್ಲ ಎಂದು ಟೀಚರು ತುಟಿ ಕಚ್ಚಿಕೊಂಡರು. ಬೆಳಿಗ್ಗೆ ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತ ತಮ್ಮನ ಹೆಂಡತಿ ನೂರು ಸಲ ಹೇಳಿದ್ದಳು: "ಅಕ್ಕ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ನಿಮ್ಮ ಜೋಕು ಮನೇಲಿರ್ಲಿ, ನಾವೇ ಸಹಿಸ್ಕೊತೀವಿ." ಐವತ್ಮೂರು ವರ್ಷಕ್ಕೆ ಇಂಥ ಕೆಲಸ ಮತ್ತೆ ಬರುವುದಿಲ್ಲ. ಸುತ್ತಲಿನ ಬೀದಿಗಳ ಇನ್ನೂರು ಮಕ್ಕಳಿಗೆ ದಿನಾ ಸಂಜೆ ಆಟ ಕಲಿಸುವ ಸಂಸ್ಥೆ ಇದು, ನಿರ್ದೇಶಕರ ಹುದ್ದೆ. ಅಲ್ಲಲ್ಲಿ ಚೂರುಚೂರಾಗಿ ಕಲಿತದ್ದೆಲ್ಲ ಒಂದೇ ಅಂಗಳದಲ್ಲಿ ಉಪಯೋಗಕ್ಕೆ ಬರುತ್ತಿತ್ತು. ಈಗಾಗಲೇ ಎರಡು ಸಂಸ್ಥೆಗಳು 'ಅನುಭವ ಬಹಳ, ಸ್ಥಿರತೆ ಕಡಿಮೆ' ಎಂದು ನಯವಾಗಿ ಕಳಿಸಿಕೊಟ್ಟಿದ್ದವು.

ಆ ಸಂಸ್ಥೆಯಲ್ಲಿ ಒಂದು ಪದ್ಧತಿಯಿತ್ತು. ಯಾರನ್ನೇ ಆರಿಸುವಾಗಲೂ ಮೈದಾನದ ಮಕ್ಕಳಲ್ಲಿ ಒಬ್ಬರು ಮೇಜಿನ ಆ ಬದಿಯಲ್ಲಿ ಸಮಿತಿಯವರ ಜೊತೆ ಕೂರುತ್ತಿದ್ದರು. ಅವರಿಗೂ ಒಂದು ಮತ, ಎರಡು ಪ್ರಶ್ನೆ. ಈ ಸಲ ಬಂದವಳು ಹದಿನಾರರ ಒಬ್ಬ ಹುಡುಗಿ. ಬೆನ್ನ ಮೇಲೆ ಹದಿನಾಲ್ಕು ಎಂದು ಬರೆದ ಜೆರ್ಸಿ. ಪ್ರಶ್ನೆ ಬರೆದಿಟ್ಟ ಚೀಟಿ ಅಂಗೈ ಬೆವರಿಗೆ ಮೆತ್ತಗಾಗಿತ್ತು.

"ಹೂಂ, ಕೇಳಮ್ಮ," ಎಂದರು ಅಧ್ಯಕ್ಷರು.

"ಮಿಸ್, ನೀವು ಇಷ್ಟೊಂದು ಕಡೆ..."

"ಅಂದ್ರೆ ಯಾಕೆ ಬಿಟ್ರಿ ಅಂತ. ಅದನ್ನ ನಾನೇ ಆಗ್ಲೇ ಎತ್ತಿದೆನಲ್ಲ. ಬೇರೆ ಕೇಳು."

ಹುಡುಗಿ ಚೀಟಿ ನೋಡಿಕೊಂಡಳು. "ಅದಲ್ಲ ಅಂಕಲ್. ನಮ್ಮ ಹತ್ರ ಬಂದೋರೆಲ್ಲ..."

"ಅವಳು ಹೇಳ್ತಿರೋದೇನಂದ್ರೆ," ಅಧ್ಯಕ್ಷರು ಟೀಚರ ಕಡೆ ತಿರುಗಿದರು. ಒಳ್ಳೆಯ ಮನುಷ್ಯರೇ. ಪ್ರಾಯದಲ್ಲಿ ದೊಡ್ಡ ಆಟಗಾರ, ಅಂಕಣದ ತುದಿಯಿಂದ ತುದಿಗೆ ಕೂಗಿ ಕೂಗಿ ಬಂದ ಧ್ವನಿ. ಒಮ್ಮೆ ಶುರುವಾದರೆ ಬ್ರೇಕಿಲ್ಲ. "ನಮ್ಮ ಸಂಸ್ಥೆಗೆ ಬೇಕಾಗಿರೋದು ಏನಂದ್ರೆ, ಒಂದು ದೂರದೃಷ್ಟಿ, ಒಂದು..."

ಟೀಚರ ಕೈಗಳು ತಾವಾಗಿಯೇ ಎದ್ದವು. ನಿಲ್ಲಿಸಿದ ಎಡಗೈ ಬೆರಳುಗಳ ಮೇಲೆ ಬಲಗೈ ಅಡ್ಡವಾಗಿ ಕುಳಿತಿತು: ಟೈಮ್‌ಔಟ್. ಅಷ್ಟಕ್ಕೇ ನಿಲ್ಲದೆ ಬಲ ಅಂಗೈ ಹುಡುಗಿಯ ಕಡೆ ಚಾಚಿ, ಕೇಳಿದ್ದು ಈ ತಂಡ ಎಂದೂ ತೋರಿಸಿತು.

ಅಧ್ಯಕ್ಷರ ಬಾಯಿ ಅರ್ಧ ಮಾತಿಗೇ ಮುಚ್ಚಿಕೊಂಡಿತು. ರೆಫರಿಯ ಕೈ ಕಂಡರೆ ನಿಲ್ಲುವುದು ನಲವತ್ತು ವರ್ಷದ ಅಭ್ಯಾಸ. ಅವರು ಕುರ್ಚಿ ಹಿಂದೆ ತಳ್ಳಿ ಎದ್ದೇ ಬಿಟ್ಟರು. ನೀರಿನ ಬಾಟಲಿ ಎತ್ತಿ ಗಟಗಟ ಕುಡಿದು, ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ವಾಲಿಬಾಲಿನ ಟೈಮ್‌ಔಟ್ ಎಂದರೆ ಮೂವತ್ತು ಸೆಕೆಂಡು, ಗೋಡೆ ಗಡಿಯಾರದ ಮುಳ್ಳಿಗೆ ಅರ್ಧ ಸುತ್ತು.

ಮುಗೀತು, ಎಂದುಕೊಂಡರು ಟೀಚರು. ಚೀಲ ಎತ್ತಿಕೊಂಡು ಹೊರಡುವುದೊಂದೇ ಬಾಕಿ.

ಆ ಅರ್ಧ ನಿಮಿಷದಲ್ಲಿ ಹುಡುಗಿ ಚೀಟಿಯನ್ನು ಮಡಚಿಟ್ಟು ಬಾಯಿಬಿಟ್ಟಳು.

"ಮೂರು ವರ್ಷದಲ್ಲಿ ನಾಲ್ಕು ಜನ ನಿರ್ದೇಶಕರು ಬಂದು ಹೋದ್ರು ಮಿಸ್. ಹೋದ ಸಲದವರು ನನ್ನ 'ಏ ಹದಿನಾಲ್ಕು' ಅಂತಲೇ ಕರೀತಿದ್ರು. ಹೆಸರು ಗೊತ್ತಾಗೋ ಹೊತ್ತಿಗೆ ಎಲ್ಲರೂ ಹೋಗ್ತಾರೆ. ನಾನಿನ್ನೂ ಬೆಂಚಲ್ಲೇ ಕೂತಿದೀನಿ. ನೀವೂ ಹೋಗ್ತೀರಾ?"

ಅಧ್ಯಕ್ಷರು ಬಾಟಲಿ ಹಿಡಿದವರು ಹಿಡಿದ ಹಾಗೆಯೇ ನಿಂತಿದ್ದರು.

ಇಲ್ಲ ಎಂದುಬಿಟ್ಟರೆ ಸುಲಭವಿತ್ತು. ಟೀಚರು ಆ ಮುಖ ನೋಡಿದರು. "ಒಂದಲ್ಲ ಒಂದು ದಿನ ಹೋಗ್ತೀನಿ ಮಗು. ಆದ್ರೆ ನನ್ನ ಜಾಗಕ್ಕೆ ಒಬ್ಬರು ತಯಾರಾಗೋ ತನಕ ಹೋಗಲ್ಲ. ಆ ಶಾಲೇಲಿ ಈಗ ಪಿ.ಟಿ. ಹೇಳ್ಕೊಡೋಳು ನನ್ನ ಶಿಷ್ಯೆ. ಹಾಸ್ಟೆಲ್ ವಾರ್ಡನ್ನೂ ಅಷ್ಟೇ, ಅಡುಗೆಮನೇಲಿ ಕೆಲಸಕ್ಕಿದ್ದೋಳು, ನಾನೇ ಪರೀಕ್ಷೆ ಕಟ್ಟಿಸಿದೆ. ರೇಡಿಯೋ ಮಾತ್ರ ಜಗಳ ಆಡ್ಕೊಂಡು ಬಿಟ್ಟೆ, ಸುಳ್ಳು ಹೇಳಲ್ಲ. ಅಂಗಡಿ ಮುಳುಗಿಹೋಯ್ತು, ಚೆಂಡು ಕೇಳೋಕೆ ಬಂದ ಮಕ್ಕಳಿಗೆಲ್ಲ ಆಡಿ ನೋಡಿ ಅಂತ ಕೊಡ್ತಿದ್ದೆ, ಯಾರೂ ವಾಪಸ್ ತರಲಿಲ್ಲ."

ಈ ಸಲ ಡಾಕ್ಟರಮ್ಮ ಕೆಮ್ಮುವ ಗೋಜಿಗೇ ಹೋಗಲಿಲ್ಲ.

"ಇನ್ನೊಂದು ಪ್ರಶ್ನೆ," ಎಂದಳು ಹುಡುಗಿ. "ನಾನು ಅಷ್ಟೊಂದು ಚೆನ್ನಾಗಿ ಆಡಲ್ಲ. ನನ್ನಂಥೋರನ್ನ ಏನ್ಮಾಡ್ತೀರಾ?"

"ಮೊದಲು ಹೆಸರು ಕೇಳ್ತೀನಿ. ಆಮೇಲೆ ಬೆಂಚಿಂದ ಎಬ್ಬಿಸ್ತೀನಿ. ಉಳಿದದ್ದು ಆಡ್ತಾ ಗೊತ್ತಾಗತ್ತೆ."

ಹುಡುಗಿ ಹೆಸರು ಹೇಳಿದಳು. ಟೀಚರು ಅದನ್ನು ಒಮ್ಮೆ ತಾವೂ ಹೇಳಿ ನೋಡಿಕೊಂಡರು.

"ಸ್ವಲ್ಪ ಹೊರಗೆ ಕೂತಿರಿ," ಎಂದರು ಅಧ್ಯಕ್ಷರು. ಅವರ ದೊಡ್ಡ ಧ್ವನಿಯಲ್ಲಿ ಕೋಪವಿತ್ತೋ ಇಲ್ಲವೋ, ಟೀಚರಿಗೆ ತಿಳಿಯಲಿಲ್ಲ.

ಹೊರಗೆ ಬಿಸಿಲು ಇಳಿಮುಖವಾಗಿತ್ತು. ಜಗುಲಿಯಲ್ಲಿ ಕುರ್ಚಿಯಿತ್ತು, ಕೂರಲು ಮನಸ್ಸಾಗಲಿಲ್ಲ. ಮೈದಾನದಲ್ಲಿ ಚಿಕ್ಕ ಹುಡುಗಿಯರು ಐದಾರು ಮಂದಿ ನೆಟ್ ಕಟ್ಟುತ್ತಿದ್ದರು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಡಿಲ, ನಡುವೆ ಒಗೆದ ಬಟ್ಟೆಯ ಹಾಗೆ ಜೋತು ಬಿದ್ದಿತ್ತು. ಟೀಚರು ಒಂದು ನಿಮಿಷ ನೋಡಿದರು, ಎರಡು ನಿಮಿಷ ತಡೆದುಕೊಂಡರು. ಆಮೇಲೆ ಚೀಲವನ್ನು ಕುರ್ಚಿಗೆ ಒಪ್ಪಿಸಿ, ಇಸ್ತ್ರಿಯ ತೋಳು ಮಡಚಿ ಕಂಬದ ಬಳಿ ಹೋದರು.

"ಬಿಡ್ರೇ ಇಲ್ಲಿ. ಆ ಕಡೆ ಇಬ್ಬರು ಗಟ್ಟಿಯಾಗಿ ಹಿಡ್ಕೊಳ್ಳಿ."

"ಆ ಕಡೆ ನಾನಿದೀನಿ," ಎಂಬ ಧ್ವನಿ ಮೈದಾನವಿಡೀ ಕೇಳಿಸಿತು.

ಎದುರು ಕಂಬದ ಹತ್ತಿರ ಅಧ್ಯಕ್ಷರು ಹಗ್ಗವನ್ನು ಮುಷ್ಟಿಗೆ ಸುತ್ತಿಕೊಂಡು ನಿಂತಿದ್ದರು. ಹದಿನಾಲ್ಕರ ಜೆರ್ಸಿಯ ಹುಡುಗಿ ಜಗುಲಿಯಿಂದ ಓಡೋಡಿ ಬರುತ್ತಿದ್ದಳು.

"ಎಷ್ಟು ಎತ್ತರಕ್ಕೆ ಸಾರ್?" ಟೀಚರು ಕೂಗಿ ಕೇಳಿದರು.

"ನನ್ನ ಯಾಕೆ ಕೇಳ್ತೀರಿ? ಇನ್ಮೇಲೆ ನೀವು ಹೇಳ್ಬೇಕು, ನಾವು ಕಟ್ಬೇಕು."

ಟೀಚರು ಹಗ್ಗವನ್ನೊಮ್ಮೆ ಬಿಗಿಯಾಗಿ ಹಿಡಿದರು. ನಂತರ ಓಡಿ ಬಂದವಳನ್ನು ಹೆಸರು ಹಿಡಿದು ಕರೆದು, "ನಡುವೆ ನಿಂತು ಕೈ ಎತ್ತು ನೋಡೋಣ," ಎಂದರು.

ಹುಡುಗಿ ಅಂಕಣದ ನಡುವೆ ಹೋಗಿ, ತುದಿಗಾಲಲ್ಲಿ ನಿಂತು ಕೈ ಎತ್ತಿದಳು. ಇಬ್ಬರೂ ಎರಡು ಕಡೆಯಿಂದ ಎಳೆದರು. ಜೋತು ಬಿದ್ದ ನೆಟ್ಟಿನ ಹೊಟ್ಟೆ ನೆಲ ಬಿಟ್ಟು ಮೇಲೆದ್ದಿತು. ಅವಳ ಮಂಡಿಗೆ, ಸೊಂಟಕ್ಕೆ, ಭುಜಕ್ಕೆ ಬಂದು, ಕೊನೆಗೆ ಬೆರಳ ತುದಿಗೆ ತಾಗಿ ನೆಟ್ಟಗೆ ನಿಂತಿತು.