ಗುಳ್ಳಕ್ಕನ ಗುಳ್ಳೆ

"ತಲೆ ಕಡೆ ಸ್ವಲ್ಪ ಎತ್ತಿ... ಹಾಂ, ನಿಧಾನ, ಗೋಡೆಗೆ ತಾಗ್ತದೆ," ಎನ್ನುತ್ತ ಗಾಜಿನ ಕಾರ್ಖಾನೆಯ ನಾಲ್ವರು ಶವದ ಪೆಟ್ಟಿಗೆಯನ್ನು ಮೆಟ್ಟಿಲ ತಿರುವಿನಲ್ಲಿ ಓರೆ ಮಾಡಿದರು. ಒಡೆಯುವ ಸಾಮಾನು ಹೊತ್ತು ಪಳಗಿದ ಕೈಗಳು. ಪೆಟ್ಟಿಗೆ ಎಲ್ಲೂ ತಾಗದೆ ಕೆಳಗಿನ ಹಜಾರಕ್ಕೆ ಇಳಿಯಿತು.

ಕುಲುಮೆಯ ಮೇಸ್ತ್ರಿ ಬೆವರು ಒರೆಸಿಕೊಂಡ. ಸೊಂಟದ ಮೇಲೆ ಕೈಯಿಟ್ಟು, ಸತ್ತವಳದೇ ಮೂಗುದನಿಯಲ್ಲಿ, "ಏನ್ರೋ, ಇಷ್ಟು ಚಂದ ಇಳಿಸೋಕೆ ಬರೋದಾದ್ರೆ ಕಾರ್ಖಾನೇಲಿ ಯಾಕ್ರೋ ಒಡೀತಿದ್ರಿ?" ಎಂದ.

ಸತ್ತವಳ ಮಗಳು ಮೊದಲು ಬೆಚ್ಚಿಬಿದ್ದಳು, ಆಮೇಲೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಳು. "ಇನ್ನೊಂದ್ಸಲ ಮಾಡಿ ಮಾಮ."

"ಸಾಕು ತಾಯಿ. ಎದ್ದು ಬಂದು ಬೈದರೆ?"

ಸತ್ತವಳು ಅದೇ ಕಾರ್ಖಾನೆಯಲ್ಲಿ ಬಾಟಲಿ ತಪಾಸಣೆಯವಳು. ನಿವೃತ್ತಿಯವರೆಗೂ ಬೆಳಕಿನ ಹಲಗೆಯ ಮುಂದೆ ಕೂತು, ಒಂದೊಂದೇ ಬಾಟಲಿ ತಿರುಗಿಸಿ, ಗಾಜಿನೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆ ಹುಡುಕುತ್ತಿದ್ದಳು. ಹಾಗಾಗಿ ಗುಳ್ಳಕ್ಕ. ಅವಳ ಕಣ್ಣು ದಾಟಿ ಹೋದ ಬಾಟಲಿ ಎಲ್ಲೂ ಒಡೆದು ವಾಪಸು ಬಂದಿರಲಿಲ್ಲ. ಮದುವೆ ಮನೆಗೆ ಹೋದರೂ ಲೋಟ ಎತ್ತಿ ಬೆಳಕಿಗೆ ಹಿಡಿಯುವಳು. ಬಡಿಸುವವರು ಎಂಜಲು ಲೋಟ ಕೊಟ್ಟೆವೇನೋ ಎಂದು ಕಂಗಾಲಾಗುವರು.

"ನಗ್ರಿ, ನಗ್ರಿ," ಎಂದಳು ಗುಳ್ಳಕ್ಕನ ತಂಗಿ, ಮೂಲೆಯ ಕುರ್ಚಿಯಿಂದ. "ಹೊಟ್ಟೇಲಿ ಗುಳ್ಳೆ ಇದೆ ಅಂತ ಗೊತ್ತಿದ್ದೂ ಇಷ್ಟು ವರ್ಷ ತೆಗೆಸದೆ ಕೂತಳು. ಅದೇ ತಿಂತು ಅವಳನ್ನ."

ಮಾತು ಹಜಾರದಿಂದ ಜಗಲಿಗೆ, ಜಗಲಿಯಿಂದ ಬೀದಿಗೆ ಹೋಯಿತು. ಮೇಸ್ತ್ರಿಯ ಮುಖ ಇಳಿಯಿತು. ಎಲ್ಲರ ಬಾಟಲಿ ನೋಡಿದವಳು ತನ್ನದನ್ನೇ ತಪ್ಪಾಗಿ ನೋಡಿದಳೇ? ಅವನು ಬಾಯಿಬಿಟ್ಟು ಕೇಳಲಿಲ್ಲ. ಮಗಳಿಗೆ ಮಾತ್ರ ಕೇಳಿಸಿತು.

* * *

ಗುಳ್ಳಕ್ಕ ಇನ್ನೂ ಕೆಲಸದಲ್ಲಿದ್ದಾಗ, ಕಿಡ್ನಿಯ ಕಲ್ಲು ಹುಡುಕಲು ಅವಳಿಗೆ ಸ್ಕ್ಯಾನ್ ಮಾಡಿದ್ದರು. ಕಲ್ಲು ಸಿಗಲಿಲ್ಲ. ಮೇದೋಜೀರಕದಲ್ಲಿ ಕಡಲೆಕಾಳಿನಷ್ಟು ನೀರುಗುಳ್ಳೆ ಸಿಕ್ಕಿತು.

"ತೆಗೆದು ಬಿಸಾಕಿ," ಎಂದಿದ್ದಳು ಗುಳ್ಳಕ್ಕ, ಕುರ್ಚಿಯಲ್ಲಿ ಕೂರುವ ಮೊದಲೇ. ಮಗಳ ಕೈ ಬಿಟ್ಟಿರಲಿಲ್ಲ.

ಡಾಕ್ಟರಮ್ಮ ಅವಸರಪಡಲಿಲ್ಲ. "ಏನು ಕೆಲಸ ಮಾಡ್ತೀರಿ?"

"ಬಾಟಲಿ ನೋಡ್ತೀನಿ. ಗುಳ್ಳೆ ಇದೆಯಾ ಅಂತ."

"ಇದ್ದದ್ದನ್ನೆಲ್ಲ ಒಡೆದುಹಾಕ್ತೀರಾ?"

"ಹಾಗೆ ಮಾಡಿದ್ರೆ ಕಾರ್ಖಾನೆಗೆ ಬೀಗ ಹಾಕ್ಬೇಕಾಗ್ತದೆ. ಎಷ್ಟು ದೊಡ್ಡದು, ಎಲ್ಲಿದೆ, ಒಳಗೆ ಕಸ ಕೂತಿದೆಯಾ..." ಹೇಳುತ್ತ ಹೇಳುತ್ತ ತಾನೇ ಮಾತು ನಿಲ್ಲಿಸಿದಳು.

"ನಾವು ನೋಡೋದೂ ಅದನ್ನೇ." ಡಾಕ್ಟರಮ್ಮ ಪರದೆಯನ್ನು ಅವಳತ್ತ ತಿರುಗಿಸಿದರು. "ಇದು ಚಿಕ್ಕದು. ಗೋಡೆ ತೆಳು, ಒಳಗೆ ಗಟ್ಟಿ ಗಂಟಿಲ್ಲ, ರಸ ಹರಿಯೋ ದೊಡ್ಡ ನಾಳ ಅಗಲವಾಗಿಲ್ಲ. ವಯಸ್ಸಾದವರಲ್ಲಿ ಇಂಥವು ಎಷ್ಟೋ ಸಿಗ್ತವೆ. ಹೆಚ್ಚಿನವು ಏನೂ ಮಾಡಲ್ಲ. ಆಪರೇಷನ್ ಮಾತ್ರ ದೊಡ್ಡದು, ಅದಕ್ಕೆ ಅದರದೇ ಅಪಾಯ."

"ಅಂದ್ರೆ ಪಾಸಾ?"

"ಅಲ್ಲೇ ನಿಮ್ಮ ಬಾಟಲಿಗೂ ನಿಮಗೂ ವ್ಯತ್ಯಾಸ. ತಣ್ಣಗಾದ ಗಾಜಿನಲ್ಲಿ ಗುಳ್ಳೆ ಬೆಳೆಯಲ್ಲ. ಇದು ಬೆಳೆದರೂ ಬೆಳೀಬಹುದು. ಕೆಲವು ಕೆಟ್ಟದ್ದಕ್ಕೂ ತಿರುಗ್ತವೆ. ಅದಕ್ಕೇ ಕರೆದಾಗೆಲ್ಲ ಬಂದು ತೋರಿಸ್ಬೇಕು. ಕಣ್ಣು ಹಳದಿಯಾದ್ರೆ, ಹೊಟ್ಟೆನೋವು ಬಂದ್ರೆ, ಕರೆಯೋವರೆಗೂ ಕಾಯಬಾರದು."

ಗುಳ್ಳಕ್ಕನ ಬೆನ್ನು ನೆಟ್ಟಗಾಯಿತು. "ತಪಾಸಣೆ ತಪ್ಪಿಸಿದವಳೇ ಅಲ್ಲ ನಾನು."

ತಪ್ಪಿಸಲೂ ಇಲ್ಲ. ಸ್ಕ್ಯಾನ್ ಇದ್ದ ದಿನ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು "ಡ್ಯೂಟಿಗೆ ಹೋಗಿಬರ್ತೀನಿ" ಎನ್ನುವಳು. ಬಂದವಳೇ ಮಗಳೆದುರು ಆ ಯಂತ್ರದ ಹೆಣ್ಣುದನಿಯನ್ನು ಅನುಕರಿಸುವಳು: "ಉಸಿರು ಎಳೆಯಿರಿ... ಬಿಗಿ ಹಿಡಿಯಿರಿ... ಬಿಡಿ." ಬಿಡುವಲ್ಲಿ ಮಾತ್ರ ಸ್ವಂತದ್ದೊಂದು ತೇಗು ಸೇರಿಸುವಳು.

* * *

ಮಗಳು ಮೂಲೆಯ ಕುರ್ಚಿಯಲ್ಲಿದ್ದ ಚಿಕ್ಕಮ್ಮನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

"ಅಮ್ಮ ಹೋಗಿದ್ದು ಹೃದಯ ನಿಂತು. ಡಾಕ್ಟರು ನೋಡಿ ಹೇಳಿದ್ದಾರೆ. ಹೋದ ಬೇಸಿಗೇಲಿ ತೋರಿಸಿದಾಗಲೂ ಕಡಲೆಕಾಳು ಕಡಲೆಕಾಳಾಗೇ ಇತ್ತು. ಯಾಕೆ ಚಿಕ್ಕಮ್ಮ ಇಲ್ಲದ್ದು ಹೇಳ್ತೀಯ?"

"ಗುಳ್ಳೆ ಇದ್ದದ್ದು ಸುಳ್ಳಾ?"

"ಇತ್ತು. ನೋಡ್ಕೊಂಡಿದ್ಲು. ಅವಳ ಹೆಮ್ಮೆ ಅಂತ ಇದ್ದದ್ದು ಆ ಕಣ್ಣೊಂದೇ. ಮಣ್ಣಿಗೆ ಹೋಗೋ ದಿನ ಅದರ ಮೇಲೆ ಇಂಥ ಮಾತು ಹೊರಿಸ್ಬೇಡ."

ಚಿಕ್ಕಮ್ಮ ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು. ತೊಳೆಯಲು ಏನೂ ಇರಲಿಲ್ಲ.

"ನಂಗೂ ಇದೆಯಂತೆ ಕಣೇ."

"ಏನು?"

"ಅದೇ. ಬಿದ್ದು ಪಕ್ಕೆ ನೋವಾಗಿತ್ತಲ್ಲ, ಆಗ ತೆಗೆದ ಸ್ಕ್ಯಾನಲ್ಲಿ ಸಿಕ್ತು. ಆರು ತಿಂಗಳು ಬಿಟ್ಟು ಬನ್ನಿ ಅಂದ್ರು. ವರ್ಷ ದಾಟ್ತು. ಆಸ್ಪತ್ರೆ ರಸ್ತೇಲಿ ಹೋಗೋದನ್ನೇ ಬಿಟ್ಟಿದೀನಿ. ತರಕಾರಿ ತರೋಕೂ ಸುತ್ತು ಹಾಕ್ತೀನಿ."

"ಅಮ್ಮನಿಗೂ ಹೇಳ್ಲಿಲ್ವಾ?"

"ಹೇಳಿದ್ರೆ ಎಳ್ಕೊಂಡು ಹೋಗ್ತಿದ್ಲು. ನಿನ್ನೆ ಸುದ್ದಿ ಬಂದ ಕೂಡ್ಲೇ ಅನ್ನಿಸ್ತು, ಅವಳದ್ದು ಒಡೀತು, ಇನ್ನು ನಂದು ಅಂತ."

ಮಗಳ ಸಿಟ್ಟು ಅಲ್ಲೇ ನಿಂತಿತು. "ಸೋಮವಾರ ನಾನು ಎಳ್ಕೊಂಡು ಹೋಗ್ತೀನಿ."

"ಬೆಳೆದಿದ್ರೆ?"

"ಬೆಳೆದಿದೆ ಅಂತ ಗೊತ್ತಾಗ್ತದೆ. ಗೊತ್ತಾದ್ರೆ ಮುಂದಿನದು ಮಾಡಬಹುದು. ನೀನು ಸುತ್ತು ಹಾಕಿದ್ರೆ ಅದೇನು ದಾರಿ ತಪ್ಪಿ ಪಕ್ಕದ್ಮನೆಗೆ ಹೋಗ್ತದಾ?"

ಚಿಕ್ಕಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದು ಮೂಗು ಸುರಿಯಿತು. "ಥೇಟ್ ಅವಳದೇ ಬಾಯಿ ನಿಂದು."

* * *

ಪೆಟ್ಟಿಗೆ ಹೊತ್ತ ವಾಹನದಲ್ಲಿ ಮಂಡಿನೋವಿನ ಚಿಕ್ಕಮ್ಮನಿಗೆಂದು ಮುಂದಿನ ಸೀಟು ಬಿಟ್ಟಿದ್ದರು. ಅವಳು ಹತ್ತಲಿಲ್ಲ. ಪಾಳಿ ಮುಗಿಸಿ ಬಂದ ಕಾರ್ಖಾನೆಯವರು ಹಿಂದೆ ಸಾಲಾಗಿ ನಡೆಯುತ್ತಿದ್ದರು, ಅವರ ನಡುವೆ ಸೇರಿಕೊಂಡಳು.

ಬೀದಿಯ ತಿರುವಿನಲ್ಲಿ ದರ್ಜಿ ಅಂಗಡಿಯಿಂದ ತಲೆ ಹೊರಹಾಕಿದ. "ಮೇಸ್ತ್ರಿ, ಹೊಟ್ಟೇಲಿ ಗುಳ್ಳೆ ಒಡೆದು ಹೋದ್ರಂತೆ?"

ಚಿಕ್ಕಮ್ಮ ಮೇಸ್ತ್ರಿಯನ್ನು ಪಕ್ಕಕ್ಕೆ ಸರಿಸಿದಳು.

"ಯಾರ್ರೀ ಹೇಳಿದ್ದು?"

"ನೀವೇ ಅಂದ್ರಂತೆ ಅಮ್ಮಾ."

"ನನ್ನ ತಲೆ! ಹೃದಯ ನಿಂತದ್ದು. ಗುಳ್ಳೆನ ಕೊನೇವರೆಗೂ ಅಲ್ಲಾಡೋಕೆ ಬಿಡಲಿಲ್ಲ ನಮ್ಮಕ್ಕ. ಒಂದು ಸ್ಕ್ಯಾನ್ ತಪ್ಪಿಸಿಲ್ಲ, ಬರ್ಕೊಳ್ಳಿ."

ಮೇಸ್ತ್ರಿಯ ಎದೆ ಒಂದು ಗೇಣು ಮುಂದೆ ಬಂತು. ಅಲ್ಲಿಂದ ಮುಂದೆ ಔಷಧಿ ಅಂಗಡಿಯವನಿಗೆ, ಹಾಲಿನವಳಿಗೆ, ಮಹಡಿಯಿಂದ ಬಗ್ಗಿ ನೋಡಿದವರಿಗೆ, ಚಿಕ್ಕಮ್ಮ ನಿಂತು ನಿಂತು ಹೇಳಿದಳು. ಮಂಡಿ ಕುಂಟುತ್ತಿತ್ತು, ಗಂಟಲು ಕುಂಟಲಿಲ್ಲ. ಮೆರವಣಿಗೆ ಅವಳಿಗಾಗಿ ನಿಂತು ನಿಂತು ಸಾಗಿತು.

ದೊಡ್ಡ ರಸ್ತೆಯಲ್ಲಿ ಟ್ರಾಫಿಕ್ ಪೊಲೀಸ್ ಒಂದು ಕೈ ಚಾಚಿ ಲಾರಿ, ಬಸ್ಸುಗಳನ್ನೆಲ್ಲ ತಡೆದ. ಇನ್ನೊಂದು ಕೈಯನ್ನು, ಪೆಟ್ಟಿಗೆ ಹಾದುಹೋಗುವಾಗ, ಟೋಪಿಗೆ ಒಯ್ದ. ಅವನು ಏನೂ ಕೇಳಿರಲಿಲ್ಲ. ಆದರೂ ಚಿಕ್ಕಮ್ಮ ಅವನೆದುರು ನಿಂತಳು.

"ನಮ್ಮಕ್ಕ. ಹೃದಯ ನಿಂತು ಹೋದ್ಲು, ಗುಳ್ಳೆಯಿಂದಲ್ಲ. ನಂಗೂ ಒಂದಿದೆ. ಸೋಮವಾರ ತೋರಿಸ್ಕೋತೀನಿ."

ಪೊಲೀಸ್ ಇಳಿಸಲು ಹೊರಟಿದ್ದ ಕೈಯನ್ನು ಟೋಪಿಯ ಅಂಚಿನಲ್ಲೇ ಇಟ್ಟುಕೊಂಡು, ಅವಳು ಕುಂಟುತ್ತ ರಸ್ತೆ ದಾಟಿ ಮುಗಿಸುವವರೆಗೂ ಹಾಗೇ ನಿಂತ.