ಆರ್ಮೀನ್ ಬೂಟಾನ ನಾಲಗೆ

ನಮ್ಮ ಹಡಗುಕಟ್ಟೆಯಲ್ಲಿ ಮಾಪಕಗಳಿಗಿಂತ, ಕಡೆಗೆ ಅಡ್ಮಿರಲ್ ಸಾಹೇಬರ ಮೊಹರಿಗಿಂತಲೂ ಹೆಚ್ಚು ಪ್ರಮಾಣಭೂತವಾಗಿದ್ದದ್ದು ಆರ್ಮೀನ್ ಬೂಟಾನ ನಾಲಗೆ. ದಕ್ಷಿಣ ಆಫ್ರಿಕಾದ ಕೇಪ್‌ನ ಮಲಯ ಕೇರಿಯಲ್ಲಿ ಹುಟ್ಟಿ, ಊರಿಗೆಲ್ಲ ಬೂಟಾ, ಎಂದರೆ ಅಣ್ಣ, ಆಗಿಹೋಗಿದ್ದ ಈ ಕೃಶಕಾಯ, ಇಪ್ಪತ್ತು ವರ್ಷ ಹಡಗುಗಳ ಕಂಡೆನ್ಸರಿನೊಳಗೆ ತೆವಳಿದ್ದರಿಂದಲೋ ಏನೋ, ಬಯಲಲ್ಲೂ ತಲೆ ತಗ್ಗಿಸಿ, ಒಂದು ಭುಜ ಮುಂದೆ ಮಾಡಿಯೇ ನಡೆಯುತ್ತಿದ್ದ. ಉಗಿಯನ್ನು ಮತ್ತೆ ನೀರಾಗಿಸುವ ಆ ಕೊಳವೆಗಳಲ್ಲಿ ಒಂದು ಸೋರಿದರೂ ಸಾಕು, ಕಡಲ ಉಪ್ಪು ಬಾಯ್ಲರಿಗೆ ಹೊಕ್ಕು ಹಡಗು ನಡುನೀರಲ್ಲಿ ನಿಂತುಬಿಡುತ್ತದೆ. ಹಾಗಾಗಿ ಪ್ರತಿ ಪರೀಕ್ಷಾಯಾನದಲ್ಲೂ ಬೂಟಾ ಬಾಯ್ಲರ್ ನೀರನ್ನು ನಾಲಗೆಗೆ ಮುಟ್ಟಿಸಿ, ಉಗುಳಿ, "ಸಿಹಿ" ಎಂದಮೇಲೆಯೇ ಎಂಜಿನಿಯರ್ ಸಹಿ ಹಾಕುತ್ತಿದ್ದ.

ನಲವತ್ತೆರಡರ ರಂಜಾನಿನಲ್ಲಿ, ಜರ್ಮನ್ ಜಲಾಂತರ್ಗಾಮಿಗಳು ನಮ್ಮ ದಂಡೆಯಾಚೆ ಸರಕುಹಡಗುಗಳನ್ನು ಮುಳುಗಿಸುತ್ತಿದ್ದ ದಿನಗಳಲ್ಲಿ, ವೆಲ್ಕಿನ್ ಎಂಬ ಡಿಸ್ಟ್ರಾಯರ್ ಯುದ್ಧಹಡಗು ದುರಸ್ತಿ ಮುಗಿಸಿ ಪರೀಕ್ಷೆಗೆ ಹೊರಟಿತು. ಉಪವಾಸದ ಬೂಟಾ ನೀರು ಮುಟ್ಟಿಸಿಕೊಂಡಾಗ, ಅವನ ಕೈಕೆಳಗಿನ ಫಿಟ್ಟರ್ ಆಗಿದ್ದ ನಾನು ಕೆಣಕಿದೆ: "ಕದ್ದು ನುಂಗಿದೆ ತಾನೆ?"

"ನುಂಗೋದಾದ್ರೆ ನಿಮ್ಮತ್ತಿಗೆ ಮಾಡಿದ ಸಮೋಸ ನುಂಗ್ತೀನಿ ಕಣೋ, ಈ ಕಿಲುಬು ನೀರನ್ನಾ?" ಎಂದವನ ಮುಖ ಮರುಕ್ಷಣವೇ ಕಪ್ಪಿಟ್ಟಿತು. "ಉಪ್ಪಿದೆ" ಎಂದ.

ಆ ನೀರಿನ ತೊಟ್ಟು ಬಿದ್ದಾಗ, ಉಪ್ಪಿದ್ದರೆ ಬೆಳ್ಳಗಾಗಬೇಕಾದ ಪರೀಕ್ಷಾ ಸೀಸೆಯ ದ್ರಾವಣ ತಿಳಿಯಾಗಿಯೇ ಇತ್ತು. ಆದರೆ ಬೂಟಾನೆದುರು ಸೀಸೆಯ ಮಾತು ಕೇಳುವವರು ಯಾರು? ಹಡಗು ಹಿಂದಿರುಗಿತು. ಒಂದೊಂದು ಕೊಳವೆಯ ಬಾಯಿಗೂ ಮೇಣದಬತ್ತಿ ಹಿಡಿದೆವು. ಸೋರಿದ್ದರೆ ಜ್ವಾಲೆ ಒಳಕ್ಕೆ ಬಾಗಬೇಕು, ಬಾಗಲಿಲ್ಲ. ಆದರೂ ಹಡಗಿನ ಎಂಜಿನಿಯರ್ ಟ್ರೆವೆನಾ ಎಲ್ಲ ಕೊಳವೆಗಳನ್ನೂ ಬದಲಿಸಲು ಹೇಳಿದ. ನಾಲ್ಕು ದಿನದ ಕೆಲಸ.

ಬೂಟಾ ಕಟ್ಟೆಯ ನಲ್ಲಿಗೆ ಹೋಗಿ, ಬರಿಯ ಕುಡಿಯುವ ನೀರನ್ನು ನಾಲಗೆಗೆ ಮುಟ್ಟಿಸಿ ಉಗುಳಿದ. ತುಟಿ ಒರೆಸಿಕೊಂಡು ಇನ್ನೊಮ್ಮೆ ರುಚಿ ನೋಡಿದ. "ಇದೂ ಉಪ್ಪು ಕಣೋ. ಬಾಯಿ ಒಣಗಿ ನನ್ನ ನಾಲಗೆ ಕೆಟ್ಟಿದೆ."

"ಸುಮ್ನಿದ್ಬಿಡು ಬೂಟಾ. ನಾಲ್ಕು ದಿನ ತಾನೆ? ನಿನ್ನ ಮಾನ ಉಳಿಯುತ್ತೆ" ಎಂದೆ. ಹಾಗೆಂದಿದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

"ಆಚೆ ಹಡಗುಗಳು ಮುಳುಗ್ತಿವೆ. ನನ್ನ ಮಾನ ಕಾಯೋಕೆ ಇದನ್ನ ಇಲ್ಲಿ ಕಟ್ಟಿಹಾಕ್ಲಾ?"

ನೆಟ್ಟಗೆ ಟ್ರೆವೆನಾನ ಮುಂದೆ ನಿಂತ. "ಸಾಹೇಬ್ರೇ, ಕೊಳವೆ ಸರಿಯಾಗಿದೆ. ತಪ್ಪಿದ್ದು ನಾನು."

ಟ್ರೆವೆನಾ ಕೇಳಿದ: "ಹಾಗಾದ್ರೆ ಮತ್ತೆ ಪರೀಕ್ಷೆಗೆ ಹೊರಡ್ತೀವಿ, ನೀನೂ ಜೊತೆಗೆ ಬರ್ತೀಯಾ?"

"ಬರ್ತೀನಿ."

ನಾಲ್ಕು ಗಂಟೆ ಪೂರ್ಣವೇಗದಲ್ಲಿ ಕೊಲ್ಲಿಯನ್ನು ಸೀಳಿಕೊಂಡು ವೆಲ್ಕಿನ್ ಓಡಿತು. ಬೂಟಾ ಕಂಡೆನ್ಸರಿನ ಮೈಮೇಲೆ ಅಂಗೈಯಿಟ್ಟು ನಿಂತೇ ಇದ್ದ. ಸೀಸೆ ಕೊನೆಯವರೆಗೂ ತಿಳಿಯಾಗಿತ್ತು. ಅಬ್ಬಾ, ಹೋದ ಜೀವ ಬಂದ ಹಾಗಾಯಿತು ನನಗೆ. ಅಂದು ಸಂಜೆಯೇ ಹಡಗು ಕಾವಲಿಗೆ ಹೊರಟಿತು.

ಮೂರನೆಯ ದಿನ ಅದು ಮರಳಿದಾಗ, ಮುಳುಗಿದ ಹಡಗೊಂದರ ಎಂಬತ್ತಮೂರು ಜನ ಅದರ ಮೇಲಿದ್ದರು. ದೋಣಿಗಳಲ್ಲಿ ಕುಡಿಯುವ ನೀರು ಮುಗಿದು ಒಂದು ದಿನವಾಗಿತ್ತಂತೆ. ಕಟ್ಟೆಯ ಮೇಲೆ ಕಂಬಳಿ ಹೊದ್ದು ಕಾಫಿ ಹೀರುತ್ತಿದ್ದ ಅವರನ್ನು ಬೂಟಾ ಕಣ್ತುಂಬ ನೋಡಿದ. ಒಬ್ಬನ ಹೆಗಲಿಂದ ಜಾರಿದ ಕಂಬಳಿಯನ್ನು ಸರಿಪಡಿಸಿ, ಕಾದಿದ್ದ ಮತ್ತೊಂದು ಹಡಗಿನತ್ತ ನಡೆದ.

ಎಂದೂ ತಪ್ಪದ ಕುಶಲಿಗಳನ್ನು ಲೋಕ ಕೊಂಡಾಡುತ್ತದೆ. ತಪ್ಪಿದಾಗ ಹೊತ್ತು ಮೀರುವ ಮುನ್ನ ಹೇಳಿಬಿಡುವವರ ಜಾತಿಯೇ ಬೇರೆ. ಅವರಿಂದ ಬದುಕಿ ಉಳಿದವರು, ಕಂಬಳಿ ಸರಿಪಡಿಸಿದವನು ಯಾರೆಂದು ತಿರುಗಿಯೂ ನೋಡದೆ ಕಾಫಿ ಕುಡಿಯುತ್ತಿರುತ್ತಾರೆ.